ಡಿಸ್ಕ್ ತುಂಬಿದರೂ ಪ್ರೋಗ್ರಾಂ ‘ಎಲ್ಲಾ ಸರಿ’ ಅನ್ನೋದೇಕೆ?

ಲಿನಕ್ಸ್‌ನಲ್ಲಿ ಡೆವ್-ಫುಲ್ ಅಂತ ಒಂದು ವಿಚಿತ್ರ ಫೈಲ್ ಇದೆ. ಅದಕ್ಕೆ ಏನೇ ಬರೆಯಲು ಹೋದರೂ ‘ಜಾಗ ಇಲ್ಲ’ ಎಂಬ ಉತ್ತರವೇ ಬರುತ್ತದೆ. ಡಿಸ್ಕ್ ತುಂಬಿದ ಹಾಗೆ ನಟಿಸುವುದಷ್ಟೇ ಅದರ ಕೆಲಸ. ಸಿ ಭಾಷೆ ಕಲಿಯುವವರು ಮೊದಲ ದಿನ ಬರೆಯುವ ಹಲೋ ವರ್ಲ್ಡ್ ಪ್ರೋಗ್ರಾಂ ತಗೊಳ್ಳಿ. ಅದರ ಔಟ್‌ಪುಟ್ಟನ್ನು ಈ ಫೈಲಿಗೆ ತಿರುಗಿಸಿ. ಒಂದಕ್ಷರವೂ ಎಲ್ಲಿಗೂ ಹೋಗುವುದಿಲ್ಲ. ಆದರೂ ಪ್ರೋಗ್ರಾಂ ಮುಗಿಯುವಾಗ ಸೊನ್ನೆ ಕೊಟ್ಟು ಹೋಗುತ್ತದೆ. ಸೊನ್ನೆ ಅಂದರೆ ಎಲ್ಲಾ ಸರಿಯಾಗಿದೆ ಅಂತ!

ಪ್ರೋಗ್ರಾಂ ಕರ್ನಲ್‌ಗೆ (ಆಪರೇಟಿಂಗ್ ಸಿಸ್ಟಂನ ತಿರುಳಿಗೆ) ಮಾಡುವ ಕರೆಗಳನ್ನು ತೋರಿಸುವ ಸ್ಟ್ರೇಸ್ ಎಂಬ ಉಪಕರಣ ಹಾಕಿ ನೋಡಿದರೆ ಕರ್ನಲ್‌ನದು ತಪ್ಪಿಲ್ಲ. ‘ಬರೆ’ ಎನ್ನುವ ರೈಟ್ ಕರೆಗೆ ಅದು ಮೈನಸ್ ಒಂದು ಕೊಟ್ಟಿದೆ, ಕಾರಣವಾಗಿ ‘ಜಾಗ ಇಲ್ಲ’ ಎಂಬ 28ನೇ ನಂಬರ್ ಎರರನ್ನೂ ಹೇಳಿದೆ. ಹಾಗಾದರೆ ಆ ಎರರ್ ಎಲ್ಲಿ ಹೋಯಿತು? ಸಿ ಭಾಷೆಯಲ್ಲಿ ಅಚ್ಚು ಹಾಕುವ ಪ್ರಿಂಟ್‌ಎಫ್ ಫಂಕ್ಷನ್ ಅಕ್ಷರಗಳನ್ನು ಸೀದಾ ಕರ್ನಲ್‌ಗೆ ಕೊಡಲಿಲ್ಲ, ಬಫರ್ ಎಂಬ ತಾತ್ಕಾಲಿಕ ಜಾಗದಲ್ಲಿ ಇಟ್ಟುಕೊಂಡಿತು. ಆ ಬಫರ್ ಖಾಲಿಯಾಗುವುದು ಮೇನ್ ಫಂಕ್ಷನ್ ಮುಗಿದ ಮೇಲೆ. ಆಗ ಬಂದ ಎರರನ್ನು ಕೇಳಿಸಿಕೊಳ್ಳಲು ನಿಮ್ಮ ಕೋಡ್‌ನಲ್ಲಿ ಯಾರೂ ಉಳಿದಿರುವುದಿಲ್ಲ. ಲಿನಕ್ಸ್‌ನ ದಿನಬಳಕೆಯ ಕಮಾಂಡ್‌ಗಳ ಕಟ್ಟಾದ ಜಿಎನ್‌ಯು ಕೋರ್‌ಯುಟಿಲ್ಸ್‌ನ ಕಮಾಂಡ್‌ಗಳು ಇದಕ್ಕೆಂದೇ, ಹೊರಡುವ ಮುಂಚೆ ಔಟ್‌ಪುಟ್ ಮುಚ್ಚಿ ಪರೀಕ್ಷಿಸುವ ಒಂದು ಫಂಕ್ಷನ್ ಇಟ್ಟುಕೊಂಡಿವೆ.

ಇದರ ಬೇರು ಲಿನಕ್ಸ್‌ಗೆ ಮಾದರಿಯಾದ, 1970ರ ದಶಕದ ಯುನಿಕ್ಸ್‌ನಲ್ಲಿದೆ. ಕೆಲಸ ಕೆಟ್ಟರೆ ಮೈನಸ್ ಒಂದು, ಕಾರಣ ಎರ್‌ನೋ ಎಂಬ ಗ್ಲೋಬಲ್ ವೇರಿಯಬಲ್‌ನಲ್ಲಿ. ನೋಡುವುದು ಬಿಡುವುದು ಪ್ರೋಗ್ರಾಮರ್‌ಗೆ ಬಿಟ್ಟದ್ದು. ಕೆಲಸ ಸರಿಯಾಗಿ ಆದಾಗ ಎರ್‌ನೋವನ್ನು ಯಾರೂ ಅಳಿಸುವುದಿಲ್ಲ, ಹಳೇ ನಂಬರ್ ಅಲ್ಲೇ ಕೂತಿರುತ್ತದೆ. ಹಳೇ ಯುನಿಕ್ಸ್‌ಗಳಲ್ಲಿ ಮೇಲ್ ವಾಪಸ್ ಬಂದಾಗ ‘ಇದು ಟೈಪ್‌ರೈಟರ್ ಅಲ್ಲ’ ಎಂಬ ಕಾರಣ ಕಾಣಿಸುತ್ತಿದ್ದುದು ಇದರಿಂದಲೇ. ಎಲ್ಲೋ ಒಳಗೆ ಲೈಬ್ರರಿ ‘ಇದು ಟರ್ಮಿನಲ್ಲೇ?’ ಎಂದು ವಿಚಾರಿಸಿತ್ತು, ಅಲ್ಲ ಎಂಬ 25ನೇ ನಂಬರ್ ಎರ್‌ನೋದಲ್ಲಿ ಉಳಿದಿತ್ತು. ಮುಂದೆ ಬೇರೆ ಯಾವುದೋ ತೊಂದರೆಗೆ ಅದನ್ನೇ ಕಾರಣ ಅಂತ ಅಚ್ಚು ಹಾಕಿದ್ದಾಯಿತು.

ಎರರ್ ಆದರೆ ಕೆಲಸ ಅಲ್ಲೇ ನಿಲ್ಲಿಸಿ ಮೇಲಕ್ಕೆ ಸುದ್ದಿ ಮುಟ್ಟಿಸುವ ಎಕ್ಸೆಪ್ಶನ್ ಬಂದ ಮೇಲೆ ಇದೆಲ್ಲ ಮುಗಿಯಬೇಕಿತ್ತು ಅಲ್ವಾ? ಪೂರ್ತಿ ಮುಗಿಯಲಿಲ್ಲ. ಜಾವಾ ಅಂತೂ ‘ಎರರನ್ನು ಹಿಡಿ, ಇಲ್ಲವೇ ಮೇಲಕ್ಕೆ ಕಳಿಸು’ ಎಂದು ಕಂಪೈಲರ್‌ನಿಂದಲೇ ಒತ್ತಾಯ ಮಾಡಿಸಿತು. ಅದೇ ಜಾವಾದಲ್ಲಿ ಫೈಲ್ ಅಳಿಸುವ ಹಳೇ ಮೆಥಡ್ ಬರೀ ಹೌದು ಅಥವಾ ಇಲ್ಲ ಅನ್ನುತ್ತಿತ್ತು. ಫೈಲೇ ಇರಲಿಲ್ಲವೋ, ಅನುಮತಿ ಇರಲಿಲ್ಲವೋ, ಫೋಲ್ಡರ್ ಖಾಲಿ ಇರಲಿಲ್ಲವೋ, ಅದರ ಸುದ್ದಿಯೇ ಇಲ್ಲ. ಕಾರಣ ಹೇಳುವ ಹೊಸ ಮೆಥಡ್ ಬಂದದ್ದು 2011ರಲ್ಲಿ, ಜಾವಾ 7ರ ಜೊತೆ. ಪೈಥಾನ್‌ನಲ್ಲಿ ಇನ್ನೊಂದು ಥರದ ಗೋಳು. ಐಒಎರರ್ ಬರುತ್ತೋ ಓಎಸ್‌ಎರರ್ ಬರುತ್ತೋ ಎಂದು ಊಹಿಸಬೇಕಿತ್ತು. 2012ರಲ್ಲಿ ಪೈಥಾನ್ 3.3 ಅವೆರಡನ್ನೂ ಒಂದು ಮಾಡಿತು, ‘ಫೈಲ್ ಸಿಗಲಿಲ್ಲ’, ‘ಅನುಮತಿ ಇಲ್ಲ’ ಇಂಥವಕ್ಕೆ ಬೇರೆ ಬೇರೆ ಕ್ಲಾಸ್ ಕೊಟ್ಟಿತು.

ಡೆವ್-ಫುಲ್ ಪರೀಕ್ಷೆಯನ್ನು ಇವಕ್ಕೂ ಮಾಡಬಹುದು. ಜಾವಾದಲ್ಲಿ ಅಚ್ಚು ಹಾಕುವ ಪ್ರಿಂಟ್‌ಎಲ್‌ಎನ್ ಎರರನ್ನು ನುಂಗಿಕೊಂಡು ಒಳಗೊಂದು ಗುರುತು ಹಾಕಿಕೊಳ್ಳುತ್ತದೆ, ಮುಗಿಯುವಾಗ ಕೊಡುವ ನಂಬರ್ (ಎಕ್ಸಿಟ್ ಕೋಡ್) ಸೊನ್ನೆ. ಗೋ ಭಾಷೆಯ ಪ್ರಿಂಟ್‌ಎಲ್‌ಎನ್ ಎರರನ್ನು ಕೈಗೇ ಕೊಡುತ್ತದೆ, ಆದರೆ ಅದನ್ನು ತಗೊಳ್ಳುವವರು ಎಷ್ಟು ಜನ? ಅಲ್ಲೂ ಸೊನ್ನೆ. ಪೈಥಾನ್ 3.6ರಿಂದ ಈಚೆಗೆ 120 ಬರುತ್ತದೆ, ಅಂದರೆ ಏನೋ ತಪ್ಪಾಗಿದೆ ಅಂತ. ರಸ್ಟ್ ಭಾಷೆ ಪ್ಯಾನಿಕ್ ಆಗಿ, ಅಂದರೆ ಪ್ರೋಗ್ರಾಂ ಅನ್ನೇ ನಿಲ್ಲಿಸಿ, 101 ಕೊಡುತ್ತದೆ. ರಸ್ಟ್‌ನದು ಸ್ವಲ್ಪ ಜಾಸ್ತಿಯಾಯಿತು ಅನ್ನುವವರಿದ್ದಾರೆ. ಸುಮ್ನೆ ಇರುವುದಕ್ಕಿಂತ ಅದೇ ವಾಸಿ ಎಂಬುದು ನನ್ನ ಅಭಿಪ್ರಾಯ.

ಇಂಥದ್ದನ್ನೆಲ್ಲ ಟೆಸ್ಟ್ ಮಾಡುವುದು ಯಾಕೆ ಕಷ್ಟ ಅಂದರೆ, ಎರರ್ ಕರೆದಾಗ ಬರುವುದಿಲ್ಲ. ಸುಲಭ ಅನ್ನಿಸುವ ದಾರಿಗಳೂ ಕೈಕೊಡುತ್ತವೆ. ಫೈಲಿನ ಅನುಮತಿಯನ್ನೆಲ್ಲ ತೆಗೆದುಹಾಕಿ ‘ಓದಲಾಗದು’ ಎಂಬ ಎರರ್ ಬರಿಸೋಣ ಅಂದುಕೊಳ್ಳಿ. ಟೆಸ್ಟ್ ಓಡುವುದು ಕಂಟೇನರ್ ಎಂಬ ಪ್ರತ್ಯೇಕ ಪರಿಸರದಲ್ಲಿ, ಎಲ್ಲಾ ಅಧಿಕಾರವಿರುವ ರೂಟ್ ಬಳಕೆದಾರನಾಗಿ. ರೂಟ್‌ಗೆ ಅನುಮತಿಯ ಹಂಗಿಲ್ಲ, ಫೈಲ್ ಆರಾಮಾಗಿ ತೆರೆದುಕೊಳ್ಳುತ್ತದೆ. ಎರರ್ ನಂಬರನ್ನು ನಂಬೋಣ ಅಂದರೆ ಅದೂ ಊರಿಗೊಂದು. ‘ಆಮೇಲೆ ಬಾ’ ಎಂಬ ಎರರ್ ಲಿನಕ್ಸ್‌ನಲ್ಲಿ 11, ಮ್ಯಾಕ್‌ನಲ್ಲಿ 35. ಐದು ಅಂದರೆ ಲಿನಕ್ಸ್‌ನಲ್ಲಿ ಓದು-ಬರಹವೇ ಕೆಟ್ಟಿದೆ ಅಂತ, ವಿಂಡೋಸ್‌ನಲ್ಲಿ ಪ್ರವೇಶವಿಲ್ಲ ಅಂತ.

ಸಿಗ್ನಲ್ (ಕರ್ನಲ್ ಪ್ರೋಗ್ರಾಂಗೆ ಮುಟ್ಟಿಸುವ ಸೂಚನೆ) ಬಂದು ಕೆಲಸ ನಡುವೆ ನಿಲ್ಲಿಸುವ 4ನೇ ನಂಬರ್ ಎರರ್ ಇನ್ನೂ ತರಲೆ. ಅದು ಯಾವಾಗಲೋ ಒಮ್ಮೆ ಬರುತ್ತದೆ, ಮತ್ತೆ ಅದೇ ಕೆಲಸ ಮಾಡಿದರೆ ಸರಿಹೋಗುತ್ತದೆ. ಪೈಥಾನ್‌ನಲ್ಲಿ ಬಹಳ ಕಾಲ ಎಲ್ಲರೂ ತಮ್ಮ ತಮ್ಮ ಕೋಡ್‌ನಲ್ಲಿ ಮತ್ತೆ ಮತ್ತೆ ಪ್ರಯತ್ನಿಸುವ ಲೂಪ್ ಬರೆದುಕೊಳ್ಳುತ್ತಿದ್ದರು. 2015ರಲ್ಲಿ ಬಂದ 3.5 ಆ ಕೆಲಸವನ್ನು ಭಾಷೆಯ ಒಳಗೇ ತಂದಿತು. ಅದನ್ನು ಪರೀಕ್ಷಿಸುವ ರೀತಿ ಚೆನ್ನಾಗಿದೆ: ಟೈಮರ್ ಇಟ್ಟು ಮೇಲಿಂದ ಮೇಲೆ ಸಿಗ್ನಲ್ ಬರಿಸುತ್ತಾ, ಓದು, ಬರಹ, ನಿದ್ದೆ ಎಲ್ಲವನ್ನೂ ಅದರ ನಡುವೆಯೇ ಮಾಡಿಸುವುದು. 2020ರಲ್ಲಿ ಗೋ 1.14 ಏಕಕಾಲಕ್ಕೆ ಓಡುವ ತನ್ನ ಸಣ್ಣ ಕೆಲಸಗಳನ್ನು (ಗೋರೂಟೀನ್‌ಗಳನ್ನು) ತಡೆದು ನಿಲ್ಲಿಸಲು ಸಿಗ್ನಲ್ ಬಳಸತೊಡಗಿದಾಗ, ಸೀದಾ ಕರ್ನಲ್‌ಗೆ ಕರೆ ಮಾಡುವ ಪ್ರೋಗ್ರಾಂಗಳಿಗೆ ಇದೇ ಎರರ್ ಮೊದಲಿಗಿಂತ ಹೆಚ್ಚಾಗಿ ಎದುರಾಯಿತು.

ಬೇಕೆಂದಾಗ ಎರರ್ ಬರಿಸುವ ಉಪಕರಣಗಳೂ ನಿಧಾನವಾಗಿ ಬಂದವು. ಸ್ಟ್ರೇಸ್‌ಗೆ ಈ ಶಕ್ತಿ 2016ರಲ್ಲಿ, 4.15ನೇ ಆವೃತ್ತಿಯಲ್ಲಿ ಸಿಕ್ಕಿತು. ಇಷ್ಟನೇ ರೈಟ್ ಕರೆಗೆ ಈ ಎರರ್ ಕೊಡು ಎಂದು ಹೇಳಿದರೆ ಸಾಕು. ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್‌ನವರ ಪಟ್ಟು ಇನ್ನೂ ಗಟ್ಟಿ. ಮೊದಲ ಸಲ ಮೊದಲನೇ ಡಿಸ್ಕ್ ಕೆಲಸ ಕೆಡಿಸುತ್ತಾರೆ. ಮುಂದಿನ ಸಲ ಎರಡನೇದು, ಆಮೇಲೆ ಮೂರನೇದು, ಹೀಗೆ ಒಂದೂ ಎರರ್ ತಗುಲದೆ ಟೆಸ್ಟ್ ಪೂರ್ತಿ ಓಡುವ ತನಕ. ಡೇಟಾಬೇಸ್ ಕೆಟ್ಟಿಲ್ಲ ಎಂಬುದನ್ನೂ ನೋಡುತ್ತಾರೆ.

ಇಷ್ಟೆಲ್ಲ ಹಟ ಯಾಕೆ ಬೇಕು ಎಂಬುದು 2018ರಲ್ಲಿ ಪೋಸ್ಟ್‌ಗ್ರೆಸ್ ಎಂಬ ಇನ್ನೊಂದು ಡೇಟಾಬೇಸ್‌ನವರಿಗೆ ಗೊತ್ತಾಯಿತು. ಬರೆದದ್ದನ್ನು ಡಿಸ್ಕಿಗೆ ತಲುಪಿಸು, ತಲುಪಿತೇ ಹೇಳು ಎಂದು ಕೇಳುವ ಕರೆ ಎಫ್‌ಸಿಂಕ್. ಅದು ಎರರ್ ಕೊಟ್ಟರೆ ಇನ್ನೊಮ್ಮೆ ಕೇಳಿದರಾಯಿತು ಎಂದು ಪೋಸ್ಟ್‌ಗ್ರೆಸ್ ನಂಬಿತ್ತು. ಲಿನಕ್ಸ್ ಮಾತ್ರ ಎರರನ್ನು ಒಮ್ಮೆ ಹೇಳಿ, ಬರೆಯಲಾಗದ ಆ ಪೇಜುಗಳಿಗೆ (ಮೆಮೊರಿಯಲ್ಲಿನ ಡೇಟಾ ತುಣುಕುಗಳಿಗೆ) ‘ಕ್ಲೀನ್’, ಅಂದರೆ ಬರೆದಾಗಿದೆ, ಎಂದು ಗುರುತು ಹಾಕಿಬಿಡುತ್ತಿತ್ತು. ಎರಡನೇ ಸಲ ಕೇಳಿದಾಗ ಎಲ್ಲಾ ಸರಿ ಎಂಬ ಉತ್ತರ, ಡೇಟಾ ಮಾತ್ರ ಡಿಸ್ಕ್‌ನಲ್ಲಿಲ್ಲ. 2019ರ ಫೆಬ್ರವರಿಯಲ್ಲಿ ಬಂದ ತಿದ್ದುಪಡಿಯಲ್ಲಿ ಮತ್ತೆ ಕೇಳುವ ಪದ್ಧತಿಯನ್ನೇ ಕೈಬಿಟ್ಟರು. ಈಗ ಎಫ್‌ಸಿಂಕ್ ಒಮ್ಮೆ ಸೋತರೆ ಪೋಸ್ಟ್‌ಗ್ರೆಸ್ ತಾನೇ ಬೇಕೆಂದು ಕ್ರ್ಯಾಶ್ ಆಗುತ್ತದೆ, ಬದಲಾವಣೆಗಳನ್ನು ಬರೆದಿಟ್ಟ ಲಾಗ್‌ನಿಂದ ಎಲ್ಲವನ್ನೂ ಮತ್ತೆ ಓದಿಕೊಂಡು ಏಳುತ್ತದೆ.