ನದಿ ದಡದಲ್ಲಿ ಇದ್ದವರೆಲ್ಲ ನಾಗರಿಕತೆ ಕಟ್ಟಲಿಲ್ಲ, ಯಾಕೆ?

ಓದುಗರೊಬ್ಬರು ಕೇಳಿದ್ದಾರೆ: "ಹಿಂದಿನ ಕಾಲದಲ್ಲಿ ಜನ ಎಲ್ಲ ಕಡೆಯೂ ನದಿ ಹತ್ತಿರವೇ ಇದ್ದರು. ಆದರೆ ಪಾಠದಲ್ಲಿ ಸಿಂಧೂ, ನೈಲ್, ಟೈಗ್ರಿಸ್-ಯೂಫ್ರೆಟಿಸ್, ಹಳದಿ ನದಿ ಇಷ್ಟನ್ನೇ ಯಾಕೆ ಹೇಳುತ್ತಾರೆ?"

ಒಳ್ಳೆ ಪ್ರಶ್ನೆ. ನಮ್ಮ ಬಳ್ಳಾರಿ ಸೀಮೆಯನ್ನೇ ನೋಡಿ. ಪಕ್ಕದಲ್ಲೇ ತುಂಗಭದ್ರಾ. ಕ್ರಿ.ಪೂ. 3000ದ ಸುಮಾರಿನಿಂದಲೇ ಅಲ್ಲಿ ದನ ಸಾಕುವ ಜನ ಇದ್ದರು, ಮುಂದೆ ಕೊರಲೆ, ಹುರುಳಿ ಬೆಳೆಯುತ್ತಿದ್ದರು, ಸಂಗನಕಲ್ಲಿನ ಗುಡ್ಡದಲ್ಲಿ ನಯವಾದ ಕಲ್ಲಿನ ಕೊಡಲಿಗಳನ್ನು ರಾಶಿ ರಾಶಿ ತಯಾರಿಸುತ್ತಿದ್ದರು. ಸಗಣಿ ಸುಟ್ಟು ಆದ ಅವರ ಬೂದಿದಿಬ್ಬಗಳು ಇವತ್ತಿಗೂ ಇವೆ. ಕೈಚಳಕಕ್ಕೆ ಏನೂ ಕಡಿಮೆ ಇರಲಿಲ್ಲ. ಆದರೆ ಪಟ್ಟಣ ಏಳಲಿಲ್ಲ.

ಅಂದರೆ ನದಿ ಒಂದೇ ಸಾಲದು. ಸಿಂಧೂ ಕಡೆ ಪ್ರವಾಹ ಇಳಿದ ಮೇಲೆ ಉಳಿಯುತ್ತಿದ್ದ ಮೆಕ್ಕಲು ಮಣ್ಣಿನಲ್ಲಿ ಗೋಧಿ, ಬಾರ್ಲಿ ಉಂಡು ಮಿಗುವಷ್ಟು ಬರುತ್ತಿತ್ತು. ಆ ಮಿಕ್ಕ ಕಾಳಿನಿಂದಲೇ ಹೊಲಕ್ಕೆ ಕಾಲಿಡದ ಕುಂಬಾರ, ಮಣಿ ಕೊರೆಯುವವನು, ವ್ಯಾಪಾರಿ ಎಲ್ಲರ ಹೊಟ್ಟೆ ತುಂಬಬೇಕು. ಇಂಥವರು ಒಂದೇ ಕಡೆ ಸಾವಿರಗಟ್ಟಲೆ ಸೇರಿದರೆ ಗುರುತು ಪರಿಚಯ ಇಲ್ಲದವರ ಜೊತೆಗೂ ಕೊಡೋದು ತಗೊಳ್ಳೋದು ನಡೆಯಲೇಬೇಕಲ್ವಾ? ಆಗ ಎಲ್ಲರೂ ಒಪ್ಪುವ ಅಳತೆ ಬೇಕು, ಲೆಕ್ಕ ಬೇಕು. ನನ್ನ ಪ್ರಕಾರ ನಾಗರಿಕತೆಯ ಎಲ್ಲಕ್ಕಿಂತ ಮುಖ್ಯ ಲಕ್ಷಣ ಇದೇ.

ಹರಪ್ಪದವರ ತೂಕದ ಕಲ್ಲುಗಳನ್ನು ನೋಡಿದರೆ ಇದು ಗೊತ್ತಾಗುತ್ತದೆ. ಗಟ್ಟಿ ಚರ್ಟ್ ಕಲ್ಲನ್ನು ಚೌಕಾಕಾರಕ್ಕೆ ಕಡಿದು ನುಣುಪು ಮಾಡಿದ ಪುಟ್ಟ ಪುಟ್ಟ ತುಂಡುಗಳು. ಚಿಕ್ಕದು ಒಂದು ಗ್ರಾಂ ಕೂಡ ಇಲ್ಲ. ಅದರ ಎರಡರಷ್ಟು, ನಾಲ್ಕರಷ್ಟು, ಎಂಟರಷ್ಟು ಹೀಗೆ ಏರುತ್ತಾ ಹೋಗಿ ಹದಿನಾರರಷ್ಟು ಬರುವಾಗ ಸುಮಾರು 13.7 ಗ್ರಾಂ. ಗುಜರಾತಿನ ಲೋಥಾಲ್‌ನಿಂದ ಪಾಕಿಸ್ತಾನದ ಪಂಜಾಬಿನ ಹರಪ್ಪಕ್ಕೆ ಸುಮಾರು 900 ಕಿಲೋಮೀಟರ್ ದೂರ, ಆದರೂ ಎರಡೂ ಕಡೆ ಇದೇ ಲೆಕ್ಕ! ಸುಟ್ಟ ಇಟ್ಟಿಗೆಯೂ ಹಾಗೇ: ದಪ್ಪ ಒಂದಾದರೆ ಅಗಲ ಎರಡು, ಉದ್ದ ನಾಲ್ಕು. ಮೊಹೆಂಜೊದಾರೊದಲ್ಲಿ ಮನೆಯ ಬಚ್ಚಲು ನೀರು ಬೀದಿಯ ಮುಚ್ಚಿದ ಚರಂಡಿಗೆ ಹೋಗುತ್ತಿತ್ತು. ಊರಿನವರೆಲ್ಲ ಒಂದು ಮಾತಿಗೆ ಬರದೆ ಇಂಥದ್ದು ಆಗೋದಿಲ್ಲ.

ಇರಾಕಿನ ಉರುಕ್‌ನಲ್ಲಿ ಇದೇ ಅಗತ್ಯದಿಂದ ಬರವಣಿಗೆ ಬೆಳೆಯಿತು. ಕ್ರಿ.ಪೂ. 3300ರ ಆಸುಪಾಸಿನ ಅಲ್ಲಿನ ಮಣ್ಣಿನ ಫಲಕಗಳಲ್ಲಿ ಬಹುಪಾಲು ಕಥೆಯೂ ಅಲ್ಲ, ಮಂತ್ರವೂ ಅಲ್ಲ. ಬಾರ್ಲಿ ಎಷ್ಟು, ಕುರಿ ಎಷ್ಟು, ಬಿಯರ್ ಎಷ್ಟು ಅನ್ನೋ ಲೆಕ್ಕ. ಅಲ್ಲಿ ಟೈಗ್ರಿಸ್-ಯೂಫ್ರೆಟಿಸ್ ನೀರು ಏರುತ್ತಿದ್ದದ್ದು ಪೈರು ನಿಂತಿರುವ ವಸಂತದಲ್ಲಿ, ಹಾಗಾಗಿ ಕಾಲುವೆ, ಒಡ್ಡುಗಳಿಗೆ ದುಡಿಮೆ ಜಾಸ್ತಿ. ನೈಲ್ ಹಾಗಲ್ಲ, ಬಿತ್ತನೆ ಹೊತ್ತಿಗೆ ತಾನೇ ಇಳಿದು ಹಸಿ ಮಣ್ಣು ಬಿಟ್ಟುಕೊಡುತ್ತಿತ್ತು.

ಪಟ್ಟಣ, ಲಿಪಿ, ರಾಜ, ದೊಡ್ಡ ಕಟ್ಟಡ ಅಂತ ಲಕ್ಷಣಗಳ ಪಟ್ಟಿ ಬಾಯಿಪಾಠ ಮಾಡಿಸುತ್ತಾರಲ್ಲ, ಅದು ಎಲ್ಲ ಕಡೆ ಒಂದೇ ಥರ ಹೊಂದುವುದಿಲ್ಲ. ಈಜಿಪ್ಟಿನ ದೊರೆಗಳಿಗೆ ಪಿರಮಿಡ್ಡುಗಳಿವೆ. ಸಿಂಧೂ ಪಟ್ಟಣಗಳಲ್ಲಿ ಇದು ರಾಜನ ಸಮಾಧಿ, ಇದು ಅರಮನೆ ಅಂತ ಖಚಿತವಾಗಿ ತೋರಿಸಬಲ್ಲದ್ದು ಒಂದೂ ಸಿಕ್ಕಿಲ್ಲ. ಆ ತೂಕ, ಆ ಇಟ್ಟಿಗೆಯ ಅಳತೆಯನ್ನು ಅಷ್ಟು ದೂರದವರೆಗೆ ಜಾರಿಯಲ್ಲಿ ಇಟ್ಟವರು ವ್ಯಾಪಾರಿಗಳೋ, ಊರ ಹಿರಿಯರೋ, ಅರಸರೋ ಅನ್ನೋ ಚರ್ಚೆ ಪುರಾತತ್ವ ತಜ್ಞರ ನಡುವೆ ಇನ್ನೂ ನಡೆಯುತ್ತಲೇ ಇದೆ.