ಕೊಬ್ಬಿನ ಆಕರಕೋಶ: ಈ ಪದ ಏನು ಹೇಳುತ್ತದೆ?

ಕುಮಟಾದ ಚಿಕ್ಕಮ್ಮನಿಗೆ ಒಂಬತ್ತು ವರ್ಷದಿಂದ ಸಂಧಿವಾತ. ಡಾಕ್ಟರು ರುಮಟಾಯ್ಡ್ ಆರ್ಥ್ರೈಟಿಸ್ ಎನ್ನುತ್ತಾರೆ. ಬೆಳಿಗ್ಗೆ ಎದ್ದು ಒಂದು ತಾಸು ಬೆರಳು ಮಡಚಲು ಬರುವುದಿಲ್ಲ. ಕಳೆದ ತಿಂಗಳು ಫೋನ್ ಮಾಡಿದರು. "ತಮಾ, ಹೊಟ್ಟೆಯ ಕೊಬ್ಬು ತೆಗೆದು ಸ್ಟೆಮ್ ಸೆಲ್ ಮಾಡಿ ಹಾಕ್ತಾರಂತೆ. ಸಂದು ಹೊಸದಾಗಿ ಬೆಳೀತದಂತೆ. ಹೌದನೋ?" ಯಾರೋ ವಾಟ್ಸಾಪ್‌ನಲ್ಲಿ ವಿಡಿಯೊ ಕಳಿಸಿದ್ದರು. ದೂರದ ಊರಿನ ಒಂದು ಕ್ಲಿನಿಕ್. ಖರ್ಚು ಲಕ್ಷಗಳಲ್ಲಿ.

ಅವರಿಗೆ ಸರಿಯಾದ ಉತ್ತರ ಕೊಡಬೇಕಲ್ವಾ? ಹಾಗಾಗಿ ಪದದಿಂದಲೇ ಶುರು ಮಾಡಿದೆ.

ಸ್ಟೆಮ್ ಸೆಲ್‌ಗೆ ಕನ್ನಡದಲ್ಲಿ ಎರಡು ಹೆಸರು ಓಡಾಡುತ್ತವೆ: ಕಾಂಡಕೋಶ, ಆಕರಕೋಶ. ಮೂಲ ಪದ ಜರ್ಮನ್ ಭಾಷೆಯದು. 1868ರಲ್ಲಿ ಅರ್ನ್‌ಸ್ಟ್ ಹೆಕೆಲ್ ಎಂಬ ಜೀವವಿಜ್ಞಾನಿ ಅದನ್ನು ಬಳಸಿದರು. ಅವರ ಮನಸ್ಸಿನಲ್ಲಿ ಇದ್ದದ್ದು ವಂಶವೃಕ್ಷದ ಬುಡ, ಅಂದರೆ ಎಲ್ಲ ಜೀವಿಗಳಿಗೂ ಮೂಲವಾದ ಒಂದು ಕೋಶ. ಹಾಗಾಗಿ ನನಗೆ 'ಆಕರ'ವೇ ಹೆಚ್ಚು ಹಿಡಿಸುತ್ತದೆ. ಆಕರ ಎಂದರೆ ಗಣಿ, ಹುಟ್ಟುವ ಜಾಗ.

ತೋಟ ಇದ್ದವರಿಗೆ ಇದನ್ನು ಹೇಳುವುದು ಸುಲಭ. ಬಾಳೆ ಗೊನೆ ಕಡಿದ ಮೇಲೂ ಬುಡದ ಗೆಡ್ಡೆಯಿಂದ ಕಂದು ಬರುತ್ತದೆ. ನಮ್ಮ ಮೂಳೆಯೊಳಗಿನ ಮಜ್ಜೆಯಲ್ಲಿ ರಕ್ತದ ಆಕರಕೋಶಗಳಿವೆ. ನಾವು ಬದುಕಿರುವಷ್ಟು ದಿನ ಅವು ಹೊಸ ರಕ್ತಕಣಗಳನ್ನು ಹುಟ್ಟಿಸುತ್ತವೆ, ತಾವೂ ಉಳಿಯುತ್ತವೆ. ಅಲ್ಲಿಗೆ ಕಂದಿನ ಹೋಲಿಕೆ ಪೂರ್ತಿ ಹೊಂದುತ್ತದೆ. ಕೊಬ್ಬಿನ ಕೋಶದ ವಿಷಯಕ್ಕೆ ಬಂದಾಗ ಹೊಂದುವುದಿಲ್ಲ. ಚಿಕ್ಕಮ್ಮ ಮೋಸ ಹೋಗುತ್ತಿದ್ದದ್ದು ಅಲ್ಲೇ.

ಕೊಬ್ಬನ್ನು ನಾವು ಸುಮ್ನೆ ಕೂತ ಹೊರೆ ಎಂದುಕೊಂಡಿದ್ದೇವೆ. 2001ರಲ್ಲಿ ಅಮೆರಿಕದ ಪೆಟ್ರೀಷಿಯಾ ಜುಕ್ ಮತ್ತು ಸಂಗಡಿಗರು ಲೈಪೊಸಕ್ಷನ್‌ನಲ್ಲಿ ಹೀರಿ ತೆಗೆದ ಕೊಬ್ಬನ್ನು ಪರೀಕ್ಷಿಸಿದರು. ಅದರಲ್ಲಿದ್ದ ಕೆಲವು ಕೋಶಗಳು ಲ್ಯಾಬಿನ ತಟ್ಟೆಯಲ್ಲಿ ಮೂಳೆ, ಮೆದುಮೂಳೆ, ಕೊಬ್ಬಿನ ಲಕ್ಷಣ ತೋರಿಸಿದವು. ಇಂಥ ಕೋಶಗಳು ಮಜ್ಜೆಯಲ್ಲಿ ಇವೆ ಎಂಬುದು ಮೊದಲೇ ಗೊತ್ತಿತ್ತು. ಆದರೆ ಮಜ್ಜೆ ತೆಗೆಯಲು ಮೂಳೆಗೆ ಸೂಜಿ ಚುಚ್ಚಬೇಕು, ಸಿಗುವುದೂ ಬಹಳ ಕಡಿಮೆ. ಕೊಬ್ಬಿನಲ್ಲಿ ಅದಕ್ಕಿಂತ ಹಲವು ಪಟ್ಟು ಜಾಸ್ತಿ.

ತೆಗೆಯುವ ಕ್ರಮ ಹೀಗೆ. ಕೊಬ್ಬನ್ನು ತೊಳೆದು, ಕೊಲಾಜಿನೇಸ್ ಎಂಬ ಕಿಣ್ವ ಹಾಕಿ, ಮೈ ಬಿಸಿಯಷ್ಟೇ ಶಾಖದಲ್ಲಿ ಇಟ್ಟು ಸಡಿಲ ಮಾಡುತ್ತಾರೆ. ಆಮೇಲೆ ಯಂತ್ರದಲ್ಲಿ ಜೋರಾಗಿ ತಿರುಗಿಸುತ್ತಾರೆ. ಮಜ್ಜಿಗೆ ಕಡೆದಾಗ ಬೆಣ್ಣೆ ಮೇಲೆ ಬರುವ ಹಾಗೆ ಕೊಬ್ಬು ಮೇಲೆ ತೇಲುತ್ತದೆ. ಇಲ್ಲಿ ಬೇಕಾದದ್ದು ತಳದಲ್ಲಿ ಕೂತ ಗಷ್ಟು. ಅದರಲ್ಲಿ ಹತ್ತಾರು ಬಗೆಯ ಕೋಶಗಳು ಬೆರೆತಿರುತ್ತವೆ. ಪ್ಲಾಸ್ಟಿಕ್ ತಟ್ಟೆಗೆ ಅಂಟಿಕೊಳ್ಳುವವನ್ನು ಮಾತ್ರ ಉಳಿಸಿ, ವಾರಗಟ್ಟಲೆ ಬೆಳೆಸಿದರೆ ಆಗ ಸಿಗುವುದು ಮೆಸೆಂಕೈಮಲ್ ಸ್ಟೆಮ್ ಸೆಲ್. ತಳದ ಗಷ್ಟನ್ನೇ ಅದೇ ದಿನ ಚುಚ್ಚಿ 'ಸ್ಟೆಮ್ ಸೆಲ್ ಕೊಟ್ಟೆವು' ಎನ್ನುವವರೂ ಇದ್ದಾರೆ. ಎರಡೂ ಒಂದೇ ವಸ್ತು ಅಲ್ಲವೇ ಅಲ್ಲ.

ಈ ಮೆಸೆಂಕೈಮಲ್ ಸ್ಟೆಮ್ ಸೆಲ್ ಎಂಬ ಹೆಸರನ್ನು 1991ರಲ್ಲಿ ಚಾಲ್ತಿಗೆ ತಂದವರು ಆರ್ನಾಲ್ಡ್ ಕ್ಯಾಪ್ಲನ್. 2017ರಲ್ಲಿ ಅವರೇ ಈ ಹೆಸರು ಬದಲಿಸಿ ಎಂದು ಬರೆದರು. ಈ ಕೋಶಗಳು ಮೈಯೊಳಗೆ ಹೋಗಿ ಹೊಸ ಅಂಗಾಂಶವಾಗಿ ಬೆಳೆಯುವುದಿಲ್ಲ, ಸುತ್ತಲಿನ ಕೋಶಗಳಿಗೆ ಔಷಧದಂಥ ಸಂದೇಶ ಕಳಿಸುತ್ತವೆ ಎಂಬುದು ಅವರ ವಾದ. 'ಸ್ಟೆಮ್ ಸೆಲ್' ಎಂದು ಕರೆದರೆ ರೋಗಿಗಳಿಗೆ ತಪ್ಪು ಆಸೆ ಹುಟ್ಟುತ್ತದೆ ಎಂದರು. ಹೆಸರು ಕೊಟ್ಟವರೇ ಹೀಗೆ ಹೇಳಿದ್ದು ನನಗೆ ಬಹಳ ದೊಡ್ಡ ಮಾತು ಅನಿಸುತ್ತದೆ.

ಹಾಗಾದರೆ ಈ ಸಂದೇಶದಿಂದ ಸಂಧಿವಾತಕ್ಕೆ ಏನು ಉಪಯೋಗ? ಗದ್ದೆಗೆ ಹಂದಿ ಬರುವ ಕಾಲದಲ್ಲಿ ನಮ್ಮ ಕಡೆ ಮಾಳ ಕಟ್ಟಿ ರಾತ್ರಿ ಕಾಯುತ್ತಾರೆ. ಕತ್ತಲೆಯಲ್ಲಿ ಕಾವಲಿನವನು ಮನೆಯ ದನವನ್ನೇ ಹಂದಿ ಎಂದುಕೊಂಡು ಕಲ್ಲು ಹೊಡೆದರೆ? ಆಟೋಇಮ್ಯೂನ್ ಕಾಯಿಲೆ ಅಂದರೆ ಅದೇ: ಮೈಯನ್ನು ಕಾಯಬೇಕಾದ ರಕ್ಷಣಾ ವ್ಯವಸ್ಥೆ ಮೈಗೇ ಹೊಡೆಯುವುದು. ಸಂಧಿವಾತದಲ್ಲಿ ಏಟು ಸಂದಿನ ಒಳಪೊರೆಗೆ ಬೀಳುತ್ತದೆ. ಕ್ರಾನ್ಸ್ ಎಂಬ ಕಾಯಿಲೆಯಲ್ಲೂ ಹೆಚ್ಚುಕಡಿಮೆ ಇಂಥದೇ ಏಟು ಕರುಳಿಗೆ. ಇಲ್ಲಿ 'ಇಮ್ಯೂನಿಟಿ ಕಡಿಮೆ' ಆಗಿಲ್ಲ, ಗುರಿ ತಪ್ಪಿದೆ. ಇಮ್ಯೂನಿಟಿ ಹೆಚ್ಚಿಸುವ ಕಷಾಯ ಎಂದು ಏನೇನೋ ಕೊಡುವವರು ಇದನ್ನು ತಿಳಿಯಬೇಕು. ಸ್ಟೆರಾಯ್ಡ್‌ನಂಥ ಔಷಧ ಕಾವಲಿನವನಿಗೆ ಮಂಪರು ತರಿಸುತ್ತದೆ. ದನ ಉಳಿಯುತ್ತದೆ, ಆದರೆ ನಿಜವಾದ ಹಂದಿಯೂ ನುಗ್ಗಬಹುದು. ಅದಕ್ಕೇ ಈ ಔಷಧ ತೆಗೆದುಕೊಳ್ಳುವವರಿಗೆ ಸೋಂಕಿನ ಭಯ.

ಕೊಬ್ಬಿನ ಕೋಶದಿಂದ ವಿಜ್ಞಾನಿಗಳು ಬಯಸುವುದು, ಅದು ಕಾವಲಿನವನ ಹೆಗಲು ಮುಟ್ಟಿ 'ಅದು ನಮ್ಮ ದನ' ಎಂದು ಹೇಳಲಿ ಅಂತ. ಉರಿಯೂತ ಇರುವ ಕಡೆ ಈ ಕೋಶಗಳು ಎಚ್ಚೆತ್ತು ಪ್ರೊಸ್ಟಗ್ಲಾಂಡಿನ್ ಇ2 ಮುಂತಾದ ರಾಸಾಯನಿಕ ಬಿಡುತ್ತವೆ. ಒಂದು ಕಿಣ್ವದಿಂದ ಟ್ರಿಪ್ಟೊಫಾನ್ ಎಂಬ ಆಹಾರಾಂಶವನ್ನು ಒಡೆದು, ದಾಳಿ ಮಾಡುವ ಟಿ ಕೋಶಗಳೆಂಬ ಬಿಳಿ ರಕ್ತಕಣಗಳು ಹೆಚ್ಚದಂತೆ ತಡೆಯುತ್ತವೆ. ಶಾಂತಿ ಕಾಯುವ ನಿಯಂತ್ರಕ ಟಿ ಕೋಶಗಳು ಹೆಚ್ಚಲು ನೆರವಾಗುತ್ತವೆ. 2025ರ ವೈದ್ಯಕೀಯ ನೊಬೆಲ್ ಬಂದದ್ದು ಈ ನಿಯಂತ್ರಕ ಕೋಶಗಳನ್ನು ಕುರಿತ ಸಂಶೋಧನೆಗೇ. ಇನ್ನೊಂದು ಸಂಗತಿ ಓದಿ ನನಗೆ ಆಶ್ಚರ್ಯವಾಯಿತು. ರಕ್ತನಾಳಕ್ಕೆ ಕೊಟ್ಟ ಕೋಶಗಳಲ್ಲಿ ಹೆಚ್ಚಿನವು ಶ್ವಾಸಕೋಶದಲ್ಲೇ ಸಿಕ್ಕಿಕೊಂಡು ಕೆಲವೇ ದಿನಗಳಲ್ಲಿ ಸಾಯುತ್ತವೆ. ಸತ್ತ ಕೋಶಗಳನ್ನು ನುಂಗಿದ ರಕ್ಷಕ ಕೋಶಗಳೂ ಶಾಂತವಾಗುತ್ತವೆ. ಬಾಳೆಯ ಕಂದಿನ ಹಾಗೆ ಬೇರು ಬಿಡುವ ಪ್ರಶ್ನೆಯೇ ಇಲ್ಲ.

ಇನ್ನು ಫಲ. ಕ್ರಾನ್ಸ್ ಕಾಯಿಲೆಯಲ್ಲಿ ಗುದದ ಹತ್ತಿರ ಆಗುವ, ವಾಸಿಯಾಗದ ಫಿಸ್ಟುಲಾಗೆ (ಕರುಳಿನಿಂದ ಚರ್ಮದವರೆಗೆ ಕೊರೆದುಕೊಂಡ ದಾರಿಗೆ) 2018ರಲ್ಲಿ ಯುರೋಪಿನಲ್ಲಿ ಒಂದು ಔಷಧಕ್ಕೆ ಒಪ್ಪಿಗೆ ಸಿಕ್ಕಿತು. ಹೆಸರು ಡಾರ್ವಾಡ್‌ಸ್ಟ್ರೊಸೆಲ್. ದಾನಿಗಳ ಕೊಬ್ಬಿನಿಂದ ಬೆಳೆಸಿದ 12 ಕೋಟಿ ಕೋಶಗಳು ಒಂದು ಡೋಸು. 212 ಜನರ ಪ್ರಯೋಗದಲ್ಲಿ, 24 ವಾರಗಳ ಹೊತ್ತಿಗೆ ಔಷಧ ಪಡೆದ 100ರಲ್ಲಿ ಸುಮಾರು 50 ಜನರಿಗೆ ಗುಣ ಕಂಡಿತು. ಔಷಧವಿಲ್ಲದ ಚುಚ್ಚುಮದ್ದು ಪಡೆದವರಲ್ಲಿ ಸುಮಾರು 34. ಅಂತರ ದೊಡ್ಡದಲ್ಲ, ಆದರೂ ಕಷ್ಟದ ಕಾಯಿಲೆಗೆ ಅದು ಆಸೆಯೇ. ಆದರೆ 2023ರಲ್ಲಿ ಹೊರಬಂದ ಎರಡನೇ ಪ್ರಯೋಗದಲ್ಲಿ ಆ ಅಂತರ ಉಳಿಯಲಿಲ್ಲ. 2024ರ ಡಿಸೆಂಬರ್‌ನಲ್ಲಿ ಔಷಧ ಯುರೋಪಿನ ಮಾರುಕಟ್ಟೆಯಿಂದ ಹೊರಬಿತ್ತು. ಸಂಧಿವಾತಕ್ಕೂ ಸ್ಪೇನ್‌ನಲ್ಲಿ 53 ಜನರ ಮೇಲೆ ನಡೆಸಿದ ಪ್ರಯೋಗದ ವರದಿ 2017ರಲ್ಲಿ ಬಂತು. ಹೆಚ್ಚಿನವರು ಚಿಕಿತ್ಸೆಯನ್ನು ತಾಳಿಕೊಂಡರು. ಮೊದಲ ತಿಂಗಳು ಕಂಡ ಸುಧಾರಣೆ ಮೂರನೇ ತಿಂಗಳಿಗೆ ಇಳಿಯಿತು.

ಅಪಾಯವೂ ಇದೆ. ಅಮೆರಿಕದ ಫ್ಲೋರಿಡಾದಲ್ಲಿ ಮೂವರು ಮಹಿಳೆಯರು ತಮ್ಮದೇ ಕೊಬ್ಬಿನಿಂದ ತೆಗೆದ ಕೋಶಗಳನ್ನು ಕಣ್ಣಿಗೆ ಚುಚ್ಚಿಸಿಕೊಂಡು ದೃಷ್ಟಿ ಕಳೆದುಕೊಂಡರು. 2017ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಅದರ ವರದಿ ಬಂತು. 'ನಿಮ್ಮದೇ ಮೈಯದು, ಏನೂ ಆಗುವುದಿಲ್ಲ' ಎಂಬ ಮಾತನ್ನು ಚಿಕ್ಕಮ್ಮನಿಗೆ ಬಂದ ವಿಡಿಯೊದಲ್ಲೂ ಹೇಳಿದ್ದರು. ಕೇಳಿ ನನಗೆ ಸಂಕಟವಾಯಿತು.

ನಮ್ಮ ದೇಶದಲ್ಲಿ ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ. ರಕ್ತದ ಆಕರಕೋಶಗಳ ಕಸಿ ಒಪ್ಪಿತ ಚಿಕಿತ್ಸೆ. ಉಳಿದ ಆಕರಕೋಶಗಳನ್ನು ಒಪ್ಪಿಗೆ ಪಡೆದ ಪ್ರಯೋಗದಲ್ಲಿ ಮಾತ್ರ ಕೊಡಬೇಕು, ಪ್ರಯೋಗಕ್ಕೆ ಸೇರಿದವರಿಂದ ಹಣ ಕೇಳುವಂತಿಲ್ಲ. ಪ್ರಯೋಗಗಳು ಸಿಟಿಆರ್‌ಐ ಎಂಬ ಸರಕಾರಿ ದಾಖಲೆಯಲ್ಲಿ ನೋಂದಣಿ ಆಗಿರಬೇಕು. ಅದನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು.

ಇಷ್ಟನ್ನು ಚಿಕ್ಕಮ್ಮನಿಗೆ ಹೇಳಿ, ನೋಂದಣಿ ಸಂಖ್ಯೆ ಕೇಳಿ ನೋಡಿ ಎಂದೆ. ಅವರು ಮರುದಿನವೇ ಆ ಕ್ಲಿನಿಕ್ಕಿಗೆ ಫೋನ್ ಮಾಡಿದರು. ಮೊದಲು ಅರ್ಧ ಹಣ ಕಟ್ಟಿ, ಆಮೇಲೆ ಹೇಳುತ್ತೇವೆ ಅಂದರಂತೆ. ಚಿಕ್ಕಮ್ಮ ಫೋನ್ ಇಟ್ಟರು. ವಾರಕ್ಕೊಮ್ಮೆಯ ಮೆಥೊಟ್ರೆಕ್ಸೇಟ್ ಮಾತ್ರೆ ಮುಂದುವರಿದಿದೆ. ಮುಂದಿನ ತಪಾಸಣೆಗೆ ಮಣಿಪಾಲಕ್ಕೆ ಹೋಗಲು ಉಡುಪಿಯವರೆಗೆ ರೈಲು ಬುಕ್ ಮಾಡಿದ್ದೇನೆ. ಹಿಂದಿನ ದಿನವೇ ಶಿರಸಿಯಿಂದ ಘಟ್ಟ ಇಳಿದು ಅವರ ಮನೆ ಸೇರುತ್ತೇನೆ. ಬಲಗೈಯ ಎರಡು ಬೆರಳು ಈಗಲೂ ಬೆಳಿಗ್ಗೆ ಮಡಚುವುದಿಲ್ಲ. ಡಾಕ್ಟರಿಗೆ ಹೇಳಬೇಕು ಎಂದು ಅದನ್ನು ಕ್ಯಾಲೆಂಡರಿನ ಮೂಲೆಯಲ್ಲಿ ಬರೆದಿಟ್ಟಿದ್ದಾರೆ.