ನಿಶ್ಚಿತಾರ್ಥಕ್ಕೆ ಬಣ್ಣದ ಕಲ್ಲು: ಜಾತಕದಿಂದ ತಕ್ಕಡಿವರೆಗೆ

ಕೋಲಾರದ ಕಡೆ ಹುಡುಗಿಯೊಬ್ಬಳು ನಿಶ್ಚಿತಾರ್ಥಕ್ಕೆ ನೀಲಿ ಕಲ್ಲಿನ ಉಂಗುರ ಬೇಕು ಅಂದರೆ ಮನೆಯಲ್ಲಿ ಮೂರು ಮಾತು ಏಳುತ್ತವೆ. 'ಜಾತಕ ತೋರಿಸಿದಿರಾ?' ಅನ್ನುತ್ತಾರೆ ಅಜ್ಜಿ. 'ನಾಳೆ ವಾಪಸ್ ಕೊಟ್ಟರೆ ಎಷ್ಟು ಬರುತ್ತೆ?' ಅನ್ನುತ್ತಾರೆ ಅಪ್ಪ. 'ಎಲ್ಲರೂ ವಜ್ರದ್ದೇ ಹಾಕ್ತಾರಲ್ವಾ' ಅನ್ನುತ್ತಾಳೆ ಅಕ್ಕ.

ಅಕ್ಕನ ಮಾತಿಗೆ ವಯಸ್ಸು ಕಡಿಮೆ. ನಮ್ಮ ಹಳ್ಳಿಗಳಲ್ಲಿ ತಾಂಬೂಲ ಬದಲಾಯಿಸಿದರೆ ನಿಶ್ಚಯ ಮುಗಿಯುತ್ತಿತ್ತು. ಉಂಗುರ ತೊಡಿಸುವುದು ಕೆಜಿಎಫ್‌ನ ಚರ್ಚುಗಳಲ್ಲಿತ್ತು, ಛತ್ರಗಳಿಗೆ ಬಂದದ್ದು ಆಮೇಲೆ. ಅದು ವಜ್ರದ್ದೇ ಆಗಬೇಕು ಅನ್ನುವುದನ್ನು ಊರೂರಿಗೆ ಹರಡಿದ್ದು ಡಿ ಬೀರ್ಸ್ ಅನ್ನೋ ವಜ್ರದ ಕಂಪನಿಗಾಗಿ 1947ರಲ್ಲಿ ಅಮೆರಿಕದಲ್ಲಿ ಬರೆದ ಒಂದು ಜಾಹೀರಾತಿನ ಸಾಲು. 1981ರಲ್ಲಿ ಬ್ರಿಟನ್ನಿನ ರಾಜಕುಮಾರನ ಜೊತೆ ನಿಶ್ಚಯವಾದಾಗ ಡಯಾನಾ ಆರಿಸಿಕೊಂಡದ್ದು ಮಾತ್ರ ಶ್ರೀಲಂಕಾದ ನೀಲವನ್ನು.

ಅಜ್ಜಿಯ ಭಯ ಹಳೆಯದು. ನವರತ್ನದಲ್ಲಿ ಒಂದೊಂದು ಕಲ್ಲಿಗೆ ಒಂದೊಂದು ಗ್ರಹ. ಮಾಣಿಕ್ಯ ಸೂರ್ಯನದು, ಪಚ್ಚೆ ಬುಧನದು, ನೀಲ ಶನಿಯದು. ನೀಲ ಎಲ್ಲರಿಗೂ ಆಗಿಬರಲ್ಲ ಅಂತ ಮೂರು ರಾತ್ರಿ ದಿಂಬಿನ ಕೆಳಗಿಟ್ಟು ನೋಡುವವರು ಇವತ್ತಿಗೂ ಇದ್ದಾರೆ. ಕನಸು ಕೆಟ್ಟದಾದರೆ ಕಲ್ಲು ವಾಪಸ್. ತಮಾಷೆ ಅಂದರೆ, ಇದೇ ಲೆಕ್ಕದಲ್ಲಿ ವಜ್ರವೂ ಶುಕ್ರನ ಕಲ್ಲೇ. ಅದಕ್ಕೆ ಮಾತ್ರ ಜಾತಕ ಕೇಳುವವರು ಕಡಿಮೆ.

ನಿಜವಾದ ಗೋಜಲು ಇರುವುದು ಅಪ್ಪನ ಪ್ರಶ್ನೆಯಲ್ಲಿ. ನಮ್ಮ ಚಿಕ್ಕಮ್ಮನದೊಂದು ಕೆಂಪು ಕಲ್ಲಿನ ಉಂಗುರವಿತ್ತು. ಚೀಟಿಯಲ್ಲಿ 6 ಗ್ರಾಂ ಅಂತ ಬರೆದಿತ್ತು. ಬದಲಾಯಿಸಲು ಒಯ್ದಾಗ ಅಂಗಡಿಯವರು ಚಿಮಟದಲ್ಲಿ ಕಲ್ಲು ಎಬ್ಬಿಸಿದರು. ಹಿಂದೆ ತುಂಬಿದ್ದ ಅರಗನ್ನು ಕೆರೆದು ಹಾಕಿದರು. ತಕ್ಕಡಿ 4.7 ಅಂತು. ಕಲ್ಲನ್ನು ಕಾಗದದಲ್ಲಿ ಮಡಚಿ 'ಇದು ನಿಮ್ಮದೇ, ಇಟ್ಕೊಳ್ಳಿ' ಅಂತ ಕೈಗಿತ್ತರು. ಕೊಳ್ಳುವಾಗ ಕಲ್ಲೂ ಅರಗೂ ಚಿನ್ನದ ರೇಟಿನಲ್ಲಿ ತೂಗಿದ್ದವು, ಕೊಡುವಾಗ ಎರಡೂ ಸೊನ್ನೆ. ಮೊದಲಿಂದ ನಡೆದು ಬಂದದ್ದು ಹೀಗೇ ಅಂತಾರೆ. ಇರಬಹುದು, ಆದರೆ ನಷ್ಟ ಯಾವಾಗಲೂ ಒಂದೇ ಕಡೆಗೆ ಆಗುತ್ತೆ ಅಲ್ವಾ. 2021ರಿಂದ ಹಂತ ಹಂತವಾಗಿ ಕಡ್ಡಾಯವಾದ ಹಾಲ್‌ಮಾರ್ಕ್ ಕೂಡ ಚಿನ್ನದ ಶುದ್ಧತೆಯನ್ನಷ್ಟೇ ಹೇಳುತ್ತೆ. ಕಲ್ಲಿನ ಬಗ್ಗೆ ಒಂದಕ್ಷರ ಹೇಳುವುದಿಲ್ಲ. ಅದಕ್ಕೆ ಲ್ಯಾಬ್ ಸರ್ಟಿಫಿಕೇಟ್ ಬೇರೆಯೇ ಬೇಕು.

ಅಸಲಿ, ನಕಲಿ ಗೊಂದಲವೂ ಇಂದಿನದಲ್ಲ. ಬೆಂಕಿಯ ಜ್ವಾಲೆಯಲ್ಲಿ ಮಾಣಿಕ್ಯ ಬೆಳೆಸುವ ವಿಧಾನವನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ವೆರ್ನೂಯಿ 1902ರಲ್ಲಿ ಪ್ರಕಟಿಸಿದರು. ಶಿವನಸಮುದ್ರದಿಂದ ಕೆಜಿಎಫ್‌ಗೆ ಕರೆಂಟ್ ಬಂದದ್ದೂ ಅದೇ ವರ್ಷ. ಹಾಗಾಗಿ 'ಅಜ್ಜಿ ಕಾಲದ್ದು' ಅಂದ ಮಾತ್ರಕ್ಕೆ ಕೆಂಪು ಕಲ್ಲು ಗಣಿಯದೇ ಆಗಿರಬೇಕೆಂದಿಲ್ಲ.

ದಿನವೂ ಬೆರಳಲ್ಲಿರುವ ಉಂಗುರಕ್ಕೆ ಗ್ರಹಕ್ಕಿಂತ ಗಟ್ಟಿತನ ಮುಖ್ಯ ಅನ್ನೋದು ನನ್ನ ಲೆಕ್ಕ. ಗಟ್ಟಿತನ ಅಳೆಯುವ ಮೋಸ್ ಅಳತೆಯಲ್ಲಿ ವಜ್ರ 10, ನೀಲ ಮತ್ತು ಮಾಣಿಕ್ಯ 9. ಧೂಳಿನಲ್ಲಿರುವ ಮರಳಿನ ಕಣ 7. ಮುತ್ತು 2.5ರ ಆಸುಪಾಸು, ನಮ್ಮ ಬಯಲುಸೀಮೆ ಧೂಳಿಗೆ ಬೇಗ ಮಂಕಾಗುತ್ತೆ. ಪಚ್ಚೆಯ ಬಿರುಕು ಕಾಣದಿರಲಿ ಅಂತ ಎಣ್ಣೆ ಕುಡಿಸಿರುತ್ತಾರೆ. ಬಿಸಿನೀರು, ಸೋಪಿನಲ್ಲಿ ಪಾತ್ರೆ ತೊಳೆಯುವ ಕೈಗೆ ಅದು ಬೇಡ.

ಕಾಗದದಲ್ಲಿದ್ದ ಕೆಂಪು ಕಲ್ಲನ್ನು ಈ ವರ್ಷ ಚಿಕ್ಕಮ್ಮನ ಮಗಳು ಹೊರಗೆ ತೆಗೆದಳು. ಆಚಾರಿ ಭೂತಗನ್ನಡಿ ಹಿಡಿದು ನೋಡಿದರು. ಒಳಗೆ ಬಾಗಿದ ಗೆರೆ, ಸಣ್ಣ ಗಾಳಿಗುಳ್ಳೆ. 'ಬೆಂಕೀಲಿ ಬೆಳೆಸಿದ್ದಮ್ಮ ಇದು' ಅಂದರು. ಅವಳು ಕಿಟಕಿ ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದಳು. 'ಬಣ್ಣ ಚೆನ್ನಾಗಿದೆ, ಇದನ್ನೇ ಕೂರಿಸಿ. ಬಿಲ್ಲಲ್ಲಿ ಕಲ್ಲಿನ ತೂಕ ಬೇರೆ ಬರೀರಿ' ಅಂದಳು.